ಒಂದು ಗೇಣು ದೂರದ ಬೆಂಕಿ

"ಇನ್ನೊಂಚೂರು ನೆಟ್ಟಗೆ. ಹಾಂ, ಹಾಗೇ ಹಿಡ್ಕೊಳ್ಳಿ ಮಾರಾಯ್ರೆ," ಎನ್ನುತ್ತ ದೇವದಾಸ್, ತೀರಿಕೊಂಡ ಡಾಕ್ಟರ ಬೆನ್ನನ್ನು ಅವರದೇ ಡಿಸ್ಪೆನ್ಸರಿಯ ಮರದ ಕುರ್ಚಿಗೆ ಒರಗಿಸಿ, ಬಿಳಿ ಪಂಚೆಯನ್ನು ಎದೆಯ ಸುತ್ತ ತಂದು ಹಿಂದೆ ಗಂಟು ಹಾಕಿದ. ಠಾಣೆ ಊರಿನ ನಾಕಾದಲ್ಲಿ, ರಸ್ತೆಗಳು ಕೂಡುವಲ್ಲಿ, ಹೋಟೆಲು ನಡೆಸುವ ಉಡುಪಿ ಕಡೆಯವನಿಗೆ ಇದೆಲ್ಲ ಹೊಸದು. "ನಮ್ಮಲ್ಲಿ ಮಲಗಿಸುವುದು. ನಿಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ಇದೇ ಒಳ್ಳೇದು ಕಾಣ್ತದೆ ರುದ್ರಕ್ಕ. ಈಗಲೂ ರೋಗಿ ನೋಡ್ಲಿಕ್ಕೆ ಕೂತ ಹಾಗೇ ಉಂಟು."

"ಇಲ್ಲೇ ಕುಂತು ಜೀವಾನೂ ಇಲ್ಲೇ ಬಿಟ್ರಲ್ಲಪ್ಪ," ಎಂದಳು ಡಾಕ್ಟರ ಹೆಂಡತಿ ರುದ್ರವ್ವ. "ಉಣ್ಲಕ ಬರ್ರಿ ಅಂದ್ರ, ತಡಿ, ಇನ್ನೊಂದು ಎದಿ ಕೇಳ್ತೀನಿ ಅಂದ್ರು. ಯಾರದೋ ಎದಿ ಕೇಳಿಕೋತ ತಮ್ಮದು ಮರ್ತೇ ಬಿಟ್ರು."

ಡಾಕ್ಟರ್ ಚನ್ನಪ್ಪನವರ ಹಣೆಗೆ ವಿಭೂತಿ ಬಳಿದಿತ್ತು. ಎದುರಿಗೆ, ರೋಗಿಗಳು ಕೂರುತ್ತಿದ್ದ ಎತ್ತರದ ಸ್ಟೂಲಿನ ಮೇಲೆ ಹಿತ್ತಾಳೆಯ ದೀಪ ಉರಿಯುತ್ತಿತ್ತು. ಮಣ್ಣಿನ ಕ್ರಿಯೆ ನಡೆಸಲು ಕಲ್ಯಾಣದಿಂದ ಬರಬೇಕಾದ ಅಯ್ಯನವರ ಲೋಕಲ್ ಗಾಡಿ ಮುಂಬ್ರಾದ ಹತ್ತಿರ ನಿಂತಿದೆಯೆಂದು ಸುದ್ದಿ. ಕಾಯುವುದೊಂದೇ ಕೆಲಸ.

ಹೊರಗೆ ಘೋಡಬಂದರ್ ರಸ್ತೆಯ ಕಲ್ಲುಗಣಿಗಳಿಂದ ಬಂದವರು ಗುಂಪಾಗಿ ನಿಂತಿದ್ದರು. ರಾಯಚೂರು, ಕಲಬುರಗಿ ಕಡೆಯವರು. ಅವರಲ್ಲಿ ಸಾಬವ್ವ ಮಾತ್ರ ಮಗ ಶಂಕ್ರೆಪ್ಪನ ರಟ್ಟೆ ಹಿಡಿದು ಹೊಸ್ತಿಲಿಗೇ ಅಂಟಿಕೊಂಡಿದ್ದಳು.

"ಮಣ್ಣಿಗೆ ಬಂದೀಯೋ, ತೋರಸ್ಲಕ ಬಂದೀಯೋ?" ಎಂದು ಪಕ್ಕದವಳು ಚುಚ್ಚಿದಳು.

"ತೋರಸ್ಲಕೇ ಬಂದಿದ್ನೆವ್ವ," ಎಂದಳು ಸಾಬವ್ವ. "ದೀಪಾವಳಿ ಕಳದ ಮ್ಯಾಲ ಕರ್ಕೊಂಡು ಬಾ ಅಂದಿದ್ರು. ಇಲ್ಲಿ ಬಂದು ನೋಡಿದ್ರ ಹಿಂಗ ಆಗ್ಯಾದ. ಈಗ ನನ್ನ ಮಗನ ಎದ್ಯಾಗ ಏನದ ಅಂತ ಯಾರು ಹೇಳಬೇಕು?"

*

ಹೋದ ವರ್ಷ, ಎಂಬತ್ತೆರಡರ ಕಾರ್ತಿಕದಲ್ಲಿ, ಇದೇ ಕುರ್ಚಿಯಲ್ಲಿ ಕೂತು ಡಾಕ್ಟರು ಕಡ್ಡಿ ಗೀರಿದ್ದರು. ಶಂಕ್ರೆಪ್ಪನ ಬಾಯಿಂದ ಒಂದು ಗೇಣು ದೂರ ಹಿಡಿದು, "ತುಟಿ ಕೂಡಿಸಬ್ಯಾಡ. ಬಾಯಿ ಆ ಅಂತ ತಗದು ಊದು," ಎಂದರು.

ಶಂಕ್ರೆಪ್ಪ ಊದಿದ. ಬೆಂಕಿ ಬಳುಕಿತು, ಆರಲಿಲ್ಲ. ಮತ್ತೆ ಊದಿದ. ಕಡ್ಡಿ ಡಾಕ್ಟರ ಬೆರಳನ್ನು ಸುಟ್ಟು ತಾನಾಗಿಯೇ ಆರಿತು.

ವರ್ಷಕ್ಕೊಮ್ಮೆ ಗಣಿಯವರೆಲ್ಲ ಹೀಗೆ ಸಾಲಾಗಿ ಊದಿ ಹೋಗಬೇಕು. ಯಾರ ಉಸಿರು ಹೋದ ವರ್ಷಕ್ಕಿಂತ ಸೋತಿದೆ, ಅವರು ಗಣಿಯಲ್ಲಿ ಯಾವ ಕೆಲಸ ಮಾಡುತ್ತಾರೆ ಎಂದು ಡಾಕ್ಟರು ಹುಡುಕುತ್ತಿದ್ದರು. ಊರಿನ ಬಾಯಲ್ಲಿ ಅವರು ಕಡ್ಡಿ ಡಾಕ್ಟರ್. ಅಜ್ಜಿ ಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿದ್ದರೆ, ಈ ಡಾಕ್ಟರ ಪ್ರಾಣ ಕಡ್ಡಿಪೆಟ್ಟಿಗೆಯಲ್ಲಿದೆ ಎಂದು ಮಕ್ಕಳು ನಂಬಿದ್ದರು.

"ಎದ್ಯಾಗ ಕಲ್ಲಿನ ಪುಡಿ ಬೇರು ಬಿಟ್ಟಿದ್ರ ಅದು ಹೊಳ್ಳಿ ಹೋಗಂಗಿಲ್ಲ ಸಾಬವ್ವ," ಎಂದರು ಡಾಕ್ಟರು. "ಬರೇ ಧೂಳಿನ ಕೆಮ್ಮಾಗಿದ್ರ ಧೂಳು ಬಿಟ್ಟ ಮ್ಯಾಲ ಉಸಿರು ತಿರುಗಿ ಬರ್ತದ. ಎಕ್ಸ್‌ರೇ ಫೋಟೋದಾಗ ಇನ್ನಾ ಸಾಫ್ ಕಾಣವಲ್ದು. ಒಂದು ವರ್ಷ ಕಲ್ಲು ಕೊರಿಯೂ ಮಿಷಿನ್ ಮುಟ್ಟೂದು ಬ್ಯಾಡ. ಬದಲಾಪುರದಾಗ ಗಿಡ ಬೆಳಸೋರು ಒಬ್ರು ಅದಾರ, ಅಲ್ಲಿ ನೀರು ಹಾಕ್ಲಿ."

"ಉಳಿದ ಡಾಕ್ಟರ್ ಒಂದು ಸೂಜಿ ಚುಚ್ಚಿ ಕಳಸ್ತಾರ. ನೀವು ವರ್ಷ ಕಾಯಿ ಅಂತೀರಿ."

"ಸೂಜಿ ನಾನೂ ಚುಚ್ತೀನಿ. ಆದ್ರ ನಿನ್ನ ಗಂಡಗೂ ಚುಚ್ಚಿದ್ರಲ್ಲ ತಂಗಿ, ಯಾಕ ಸತ್ತ ಅಂತ ಯಾರರ ಕೇಳಿದ್ರೇನು?"

ಸಾಬವ್ವ ಬದಲಾಪುರಕ್ಕೆ ಯಾವ ಗಾಡಿ ಹಿಡಿಯಬೇಕೆಂದು ಕೇಳಿದ್ದಳು.

*

ಡಾಕ್ಟರ ಮಗಳು ಶರಣಬಸಮ್ಮ ಪರೇಲಿನಿಂದ ಬಂದವಳು ಗೋಡೆಗೊರಗಿ ನಿಂತೇ ಇದ್ದಳು. ಅವಳೂ ಡಾಕ್ಟರೇ. ಆದರೆ ರೋಗಿಯ ಕೈ ಹಿಡಿದು ವರ್ಷಗಳೇ ಆಗಿದ್ದವು. ಪ್ರಯೋಗಶಾಲೆಯಲ್ಲಿ ಇಲಿಗಳ ಶ್ವಾಸಕೋಶ ಸೀಳಿ ಸೂಕ್ಷ್ಮದರ್ಶಕದಡಿ ನೋಡುವುದು ಅವಳ ಕೆಲಸ. ಬೇಸಗೆಯಲ್ಲಿ ಬಂದಾಗ ಅಪ್ಪನೊಡನೆ ಜಗಳವಾಗಿತ್ತು.

"ಅಪ್ಪಾಜಿ, ಕಡ್ಡಿ ಊದಸೂದು ಸೈನ್ಸ್ ಅಲ್ಲ."

"ಅಲ್ಲ ಅಂದ್ರ ಸೈನ್ಸ್ ಆಗೂ ಹಂಗ ಮಾಡು ಬಾ. ನಿನ್ನ ಹತ್ರ ಮಿಷಿನ್ ಅದಾವ, ಮಂದಿ ಇಲ್ಲ. ನನ್ನ ಹತ್ರ ಮಂದಿ ಅದಾರ, ಮಿಷಿನ್ ಇಲ್ಲ. ನಿನ್ನ ಇಲಿ ಕೆಮ್ಮಿದ್ರ, ಯಪ್ಪಾ ನೀ ಯಾವ ಗಣಿಯವ ಅಂತ ಕೇಳ್ತೀ ಏನು?" ಎಂದು ನಕ್ಕವರು, ಆಮೇಲೆ ತಗ್ಗಿದ ದನಿಯಲ್ಲಿ, "ನನ್ನ ಕೈಕೆಳಗ ಕೆಲಸಕ್ಕ ಹೊಸ ಡಾಕ್ಟರ್ ಹುಡುಗರು ಬಂದಿದ್ರು ಶರಣು. ಕಡ್ಡಿಪೆಟ್ಟಿಗಿ ನೋಡಿ ನಕ್ಕು ಹೋದ್ರು. ಔಷಧ ಬರಿಯೋರು ಬೇಕಾದಷ್ಟು. ಹಿಂಗ್ಯಾಕ ಆತು ಅಂತ ಕುತ್ಕೊಂಡು ನೋಡೋರು ಬೇರೆ. ಎರಡೂ ಮಾಡೋರು ಸಿಗವಲ್ರು," ಎಂದಿದ್ದರು.

ಅವಳು ಅಂದೇ ಪರೇಲಿನ ಗಾಡಿ ಹತ್ತಿದ್ದಳು.

*

"ಅಯ್ಯನವ್ರು ಬರೂದು ಇನ್ನಾ ತಡ ಅದ. ಒಬ್ಬೊಬ್ರೇ ಬಂದು ನಮಸ್ಕಾರ ಮಾಡ್ರಿ," ಎಂದಳು ರುದ್ರವ್ವ.

ಮೊದಲು ಸಾಬವ್ವ ಮಗನನ್ನು ಒಳಗೆ ತಳ್ಳಿದಳು. ಶಂಕ್ರೆಪ್ಪ ಸ್ಟೂಲಿನ ಮುಂದೆ ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸಿದ. ತಲೆ ಎತ್ತಿದ. ಎದುರಿಗೆ ಅದೇ ಕುರ್ಚಿ, ಅದರಲ್ಲಿ ಅದೇ ನೆಟ್ಟಗಿನ ಮೈ. ಮೂಗಿನ ಮುಂದೆ ಪುಟ್ಟ ಬೆಂಕಿ. ಏನು ಮಾಡುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ. ಬಾಯಿ ಅಗಲವಾಗಿ ತೆರೆದು, ತುಟಿ ಕೂಡಿಸದೆ, ಹಾ ಎಂದು ಊದಿಬಿಟ್ಟ.

ದೀಪ ಆರಿತು.

"ಎಂತ ಮಾಡಿದೆಯೋ ಮಾರಾಯ!" ದೇವದಾಸ್ ತಲೆ ಮೇಲೆ ಕೈ ಹೊತ್ತ.

"ಹೆಣದ ಮುಂದಿನ ದೀಪ ಆರಸ್ತಾನಲ್ಲ, ಖೋಡಿ!" ಎಂದು ಹೊರಗಿನಿಂದ ಯಾರೋ ಬೈದರು.

"ಚುಕಲೋ, ಚುಕಲೋ," ಎನ್ನುತ್ತ ಶಂಕ್ರೆಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಹೆದರಿದರೆ ಅವನ ಬಾಯಲ್ಲಿ ತಪ್ಪಾಯಿತು ಎನ್ನುವುದೂ ಮರಾಠಿಯಲ್ಲೇ ಬರುವುದು.

ಆದರೆ ಸಾಬವ್ವ ಕುಣಿಯುವುದೊಂದು ಬಾಕಿ. "ಆರ್ತು! ಯವ್ವಾ, ಆರ್ತು ನೋಡ್ರಿ! ಹ್ವಾದ ವರ್ಷ ಆರಿರಲಿಲ್ಲ!"

"ಇಕಿಗೆ ಹುಚ್ಚು ಹಿಡೀತೇನು?" ಎಂದು ರುದ್ರವ್ವ ಮಗಳ ಕಡೆ ತಿರುಗಿದಳು.

ಶರಣಬಸಮ್ಮ ಗೋಡೆ ಬಿಟ್ಟು ಬಂದಿದ್ದಳು. "ತುಟಿ ಕೂಡಿಸಿದ್ದಿ ಏನು?" ಎಂದು ಶಂಕ್ರೆಪ್ಪನನ್ನು ಕೇಳಿದಳು.

"ಇಲ್ರಿ ಅಕ್ಕಾರ."

"ಒಮ್ಮಿ ಆರಿದ್ರ ನಾ ನಂಬಂಗಿಲ್ಲ. ಗಾಳಿಗೂ ಆರಿರಬಹುದು. ದೇವದಾಸಣ್ಣ, ಕಿಡಕಿ ಹಾಕ್ರಿ."

ಮೊಳೆಗೆ ನೇತುಹಾಕಿದ್ದ ಅಪ್ಪನ ಕೋಟಿನ ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದಳು. ಗೇಣು ಹಾಕಿ ದೂರ ಅಳೆಯಲು ಹೋದವಳು ತಡೆದು ನಿಂತಳು. ಹೋದ ವರ್ಷದ ಗೇಣು ಅಪ್ಪನದು. ಅವಳು ಬಗ್ಗಿ, ಮೊಣಕಾಲ ಮೇಲಿದ್ದ ಆ ತಣ್ಣನೆಯ ಅಂಗೈಗೆ ತನ್ನ ಅಂಗೈ ಹಚ್ಚಿ ನೋಡಿದಳು. ತನ್ನದು ಬೆರಳಗಲ ಗಿಡ್ಡ.

ಗೇಣಿಗೆ ಬೆರಳಗಲ ಕೂಡಿಸಿ ಕಡ್ಡಿ ಹಿಡಿದಳು. "ಊದು."

ಆರಿತು. ಇನ್ನೊಂದು ಗೀರಿದಳು. ಅದೂ ಆರಿತು. ಕಿವಿಯನ್ನು ಅವನ ಬೆನ್ನಿಗೆ ಹಚ್ಚಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದಳು.

"ಹೇಳ್ರಿ ಅವ್ವ," ಸಾಬವ್ವ ಕೈ ಮುಗಿದಳು.

"ಉಸಿರು ತಿರುಗಿ ಬಂದದ. ಕಲ್ಲು ಬೇರು ಬಿಟ್ಟಿದ್ರ ಹಿಂಗ ಬರ್ತಿರಲಿಲ್ಲ. ಪರೇಲಕ್ಕ ಕರ್ಕೊಂಡು ಬಾ, ಮತ್ತೊಂದು ಫೋಟೋ ತೆಗಸ್ತೀನಿ. ಗಿಡಕ್ಕ ನೀರು ಹಾಕೂದು ಬಿಡಬ್ಯಾಡ."

ಸಾಬವ್ವ ಅಳುತ್ತ ನಗುತ್ತ ಮಗನ ಬೆನ್ನಿಗೊಂದು ಗುದ್ದು ಕೊಟ್ಟಳು. ಬೆಳಗಿನಿಂದ ಬಿಗಿದಿದ್ದ ರುದ್ರವ್ವನ ಮುಖ ಸಡಿಲಾಯಿತು.

"ಇರೋ ಕಡ್ಡಿ ಎಲ್ಲಾ ಊದಿಸಿ ಮುಗಿಸಬ್ಯಾಡ ಶರಣು. ನಿಮ್ಮಪ್ಪಗ ದೀಪ ಹಚ್ಲಕ ಒಂದರ ಇರ್ಲಿ."

ಶರಣಬಸಮ್ಮ ದೀಪ ಹಚ್ಚಿದಳು. ಅದನ್ನು ಸ್ಟೂಲಿನಿಂದ ಎತ್ತಿ ಅಪ್ಪನ ಪಾದದ ಬಳಿ, ಯಾರ ಬಾಯಿಗೂ ಎಟುಕದ ಹಾಗೆ ಇಟ್ಟಳು. ಸ್ಟೂಲು ಖಾಲಿಯಾಯಿತು. ಕಡ್ಡಿಪೆಟ್ಟಿಗೆ ಇನ್ನೂ ಅವಳ ಕೈಯಲ್ಲೇ ಇತ್ತು.

ತಲೆ ಎತ್ತಿದಾಗ ಗಣಿಯವರೆಲ್ಲ ಚಪ್ಪಲಿ ಬಿಟ್ಟು ಹೊಸ್ತಿಲಿನಿಂದ ರಸ್ತೆಯವರೆಗೆ ಸಾಲಾಗಿ ನಿಂತಿದ್ದರು. ಮುಂದಿದ್ದ ಮುದುಕ ಆಗಲೇ ಮಂಡಿಯೂರಿ, ಬಾಯಿ ತೆರೆದು ಕಾಯುತ್ತಿದ್ದ.