ಎಡಗೈ ಹೊಲಿಗೆ

ಹಳೆಯ ಕಾರು ಮಾರುವವನು ನಮ್ಮನ್ನು ಗೇಟಿನಲ್ಲೇ ಎದುರುಗೊಂಡ. ಅಕ್ಕನಿಗೆ ಕುರ್ಚಿ ಎಳೆದು ಹಾಕಿ, ಕೇಳುವ ಮೊದಲೇ ತಣ್ಣನೆಯ ನೀರು ತರಿಸಿದ. ನನಗೆ ಅನುಮಾನ ಶುರುವಾದದ್ದು ಆಗಲೇ. ಮನೆಯಲ್ಲಿ ನನ್ನ ಹೆಸರೇ ಸಿಐಡಿ. ಮೊಟ್ಟೆ ತಂದರೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವ ಆಸಾಮಿ ನಾನು. ಅಕ್ಕನ ಮದುವೆಗೆ ಮುಂಚೆ ಎರಡು ವಾರ ಭಾವನ ಬೆನ್ನು ಹತ್ತಿ ತಿರುಗಿದ್ದೆ. ಅದನ್ನು ಅವರು ಇವತ್ತಿಗೂ ಮರೆತಿಲ್ಲ.

ಆದರೆ ಈಗ ಅದೇ ಭಾವ ನನ್ನನ್ನು ಬಲವಂತವಾಗಿ ಕರೆತಂದಿದ್ದರು. ನನ್ನ ಕಸುಬು ಕಾರಿನ ಸೀಟು ಹೊಲಿಯುವುದು. ಇಂಜಿನ್ನಿನ ವಿಷಯ ನನಗೆ ಅಷ್ಟಕ್ಕಷ್ಟೆ, ಆದರೆ ಕಾರುಗಳ ಸುಳ್ಳು ಹಿಡಿಯುವುದು ಬರುತ್ತದೆ. ಅಕ್ಕನ ಬೆನ್ನಿನ ಆಪರೇಷನ್ ಆಗಿ ಎಂಟು ತಿಂಗಳು. ಅವರ ಪುಟ್ಟ ಕಾರಿನಲ್ಲಿ ಪ್ರತಿ ಗುಂಡಿಗೂ ಅವಳು ಹಲ್ಲು ಕಚ್ಚಿಕೊಳ್ಳುತ್ತಾಳೆ. ಆಸ್ಪತ್ರೆ ಬಿಟ್ಟರೆ ಬೇರೆಲ್ಲಿಗೂ ಹೊರಡುವುದಿಲ್ಲ, ಮಗಳ ಮನೆಗೂ ಹೋಗಿಲ್ಲ. ಸೆಕೆಂಡ್ ಹ್ಯಾಂಡ್ ಆದರೂ ಸರಿ, ಮೆತ್ತಗೆ ಓಡುವ ದೊಡ್ಡ ಕಾರೇ ಬೇಕು ಎಂದು ಭಾವ ಹಟ ಹಿಡಿದಿದ್ದರು.

"ಒಬ್ಬರೇ ಓನರ್ ಸಾರ್, ಡಾಕ್ಟ್ರು. ಭಾನುವಾರ ಮಾತ್ರ ಆಚೆ ತೆಗೀತಿದ್ರು," ಎಂದ ಮಾರುವವನು.

"ಉಳಿದ ದಿನ ಡಾಕ್ಟ್ರು ನಡ್ಕೊಂಡು ಹೋಗ್ತಿದ್ರಾ?" ಎಂದೆ.

ಭಾವ ನನ್ನ ಮೊಣಕೈ ಹಿಂಡಿದರು.

ಕಪ್ಪು ಕಾರು, ಮುಖ ಕಾಣುವಷ್ಟು ಹೊಳಪು. ನಾನು ಹೊಳಪಿನ ಕಡೆ ನೋಡಲೇ ಇಲ್ಲ, ಗಾಜುಗಳ ಮೂಲೆ ನೋಡಿದೆ. ಪ್ರತಿ ಗಾಜಿನಲ್ಲೂ ಅದು ತಯಾರಾದ ವರ್ಷದ ಗುರುತು ಇರುತ್ತದೆ. ಎಲ್ಲವೂ ಒಂದೇ ವರ್ಷದವು. ಡ್ರೈವರ್ ಪಕ್ಕದ ಸೀಟಿನ ಕಡೆಯ ಬಾಗಿಲಿನದು ಮಾತ್ರ ನಾಲ್ಕು ವರ್ಷ ಚಿಕ್ಕದು.

"ಇದ್ಯಾಕೆ ಹೊಸದು?"

"ಮಕ್ಕಳ ಚೆಂಡು ಬಿತ್ತಂತೆ ಸಾರ್." ಫೈಲಿನಿಂದ ಗಾಜಿನ ಬಿಲ್ಲು ತೆಗೆದು ಕೈಗಿಟ್ಟ. ನಮ್ಮ ಮನೆಯಲ್ಲಿ ಕರೆಂಟ್ ಬಿಲ್ಲು ಕೂಡ ಅಷ್ಟು ಬೇಗ ಸಿಗುವುದಿಲ್ಲ.

ಸರ್ವಿಸ್ ಪುಸ್ತಕ ತೆರೆದೆ. ಆರು ವರ್ಷದ ಸಹಿಗಳೆಲ್ಲ ಒಂದೇ ನೀಲಿ. "ಆರು ವರ್ಷ ಬಾಳಿಕೆ ಬರೋ ಪೆನ್ನು ಎಲ್ಲಿ ಸಿಗುತ್ತೆ?" ಎಂದೆ. ಅವನು ಬೇಸರ ಮಾಡಿಕೊಳ್ಳದೆ ಸರ್ವಿಸ್ ಸೆಂಟರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ಅಲ್ಲಿಯ ಹುಡುಗಿ ಒಂದೊಂದೇ ತಾರೀಖು ಓದಿದಳು, ಎಲ್ಲವೂ ತಾಳೆಯಾದವು. ಅವನು ಪ್ರಿಂಟ್ ಹಾಕಿಸಿಟ್ಟಿದ್ದ ಕಾರಿನ ಇತಿಹಾಸದ ವರದಿಯನ್ನು ನಾನು ಮುಟ್ಟಲಿಲ್ಲ. ಚಾಸಿ ನಂಬರನ್ನು ನನ್ನದೇ ಫೋನಿಗೆ ಹಾಕಿ, ನನ್ನ ದುಡ್ಡಿನಲ್ಲೇ ಬೇರೆ ವರದಿ ತರಿಸಿದೆ. ಕಳವಿಲ್ಲ, ಅಪಘಾತವಿಲ್ಲ, ಒಂದು ಸಲವೂ ಇನ್ಶೂರೆನ್ಸ್ ಕ್ಲೇಮ್ ಮಾಡಿಲ್ಲ. ಬ್ರೇಕ್ ಪೆಡಲಿನ ರಬ್ಬರ್ ಓಡಿದ ಕಿಲೋಮೀಟರಿಗೆ ಎಷ್ಟು ಸವೆಯಬೇಕೋ ಅಷ್ಟೇ ಸವೆದಿತ್ತು.

"ಸಿಐಡಿ ಸಾಹೇಬ್ರಿಗೆ ಸಮಾಧಾನ ಆಯ್ತಾ?" ಎಂದರು ಭಾವ.

"ಎಲ್ಲಾ ಸರಿ ಇದೆ," ಎಂದೆ. ಆ ಮಾತು ಬಾಯಿಂದ ಹೊರಡುವಾಗ ನನಗೆ ಜೀವ ಹೋದಷ್ಟು ಸಂಕಟವಾಯಿತು.

ಓಡಿಸಿ ನೋಡಲು ಹೊರಟೆವು. ಭಾವ ಸ್ಟಿಯರಿಂಗ್ ಹಿಡಿದರು, ಅಕ್ಕ ಅವರ ಪಕ್ಕ. ಅಕ್ಕನ ಹಿಂದೆ ನಾನು, ನನ್ನ ಪಕ್ಕ ಮಾರುವವನು. ಭಾವ ಬೇಕೆಂದೇ ಅಗೆದು ಹಾಕಿದ್ದ ರಸ್ತೆಗೆ ತಿರುಗಿಸಿದರು. ಕಾರು ಒಂದು ಗುಂಡಿ ಇಳಿದು ಹತ್ತಿತು, ಇನ್ನೊಂದು ಇಳಿದು ಹತ್ತಿತು. ಅಕ್ಕ ಸೀಟಿಗೆ ಬೆನ್ನು ಒರಗಿಸಿ ಸುಮ್ಮನೆ ಕೂತಿದ್ದಳು.

"ನೋವಿಲ್ಲ ಕಣ್ರೀ," ಎಂದಳು ಆಮೇಲೆ. "ಗೊತ್ತೇ ಆಗ್ತಿಲ್ಲ. ಈ ವಾರಾನೇ ಮಗಳ ಮನೆಗೆ ಹೋಗಿ ಬರೋಣ."

ಭಾವ ಕಣ್ಣೊರೆಸಿಕೊಂಡರು. ಆ ಖುಷಿಯಲ್ಲಿ, ಕಸುಬಿನ ಚಾಳಿ ನೋಡಿ, ನನ್ನ ಕೈ ತಾನಾಗಿ ಅಕ್ಕನ ಸೀಟಿನ ಪಕ್ಕಕ್ಕೆ, ಬಾಗಿಲ ಕಡೆಯ ಅಂಚಿಗೆ ಹೋಯಿತು. ಹೊಲಿಗೆಯ ಮೇಲೆ ಬೆರಳು ಆಡಿಸಿದೆ. ಕೊನೆಯಲ್ಲಿ ನಾಲ್ಕು ಕೈಹೊಲಿಗೆ ಇದ್ದವು, ನಾಲ್ಕೂ ಎಲ್ಲರ ಹೊಲಿಗೆ ವಾಲುವುದಕ್ಕೆ ಉಲ್ಟಾ ವಾಲಿದ್ದವು. ಹಾಗೆ ಹೊಲಿಯುವುದು ಎಡಚರು. ಅದರ ಮೇಲೆ ಅಡ್ಡ ಗಂಟು ಹಾಕುವ ಎಡಚ ನನಗೆ ಗೊತ್ತಿದ್ದಂತೆ ಒಬ್ಬನೇ.

ಆ ಗಂಟನ್ನು ಇನ್ನೊಮ್ಮೆ ಮುಟ್ಟಿ ನೋಡಿದೆ. ನನ್ನದೇ.

ಸೀಟು ನೆನಪಾಯಿತು, ಕಾರಲ್ಲ. ಕಾರನ್ನು ನಾನು ನೋಡಿಯೇ ಇರಲಿಲ್ಲ. ಎರಡು ವರ್ಷದ ಹಿಂದೆ ಗ್ಯಾರೇಜಿನವರು ಸೀಟೊಂದನ್ನೇ ತಂದಿದ್ದರು, ಪಕ್ಕದ ಹೊಲಿಗೆ ಮೇಲಿಂದ ಕೆಳಗೆ ಕಿತ್ತು ಬಂದಿತ್ತು. ಹೇಗೆ ಕಿತ್ತಿತು ಎಂದು ನಾನು ಕೇಳಲಿಲ್ಲ. ಮೊಟ್ಟೆಯನ್ನೂ ಬಿಡದ ಸಿಐಡಿ ಅವತ್ತು ತುಟಿಪಿಟಕ್ ಎನ್ನಲಿಲ್ಲ. ನನ್ನಲ್ಲಿದ್ದ ಅತಿ ಗಟ್ಟಿ ದಾರ ತೆಗೆದು ಮೂರು ಸಾಲು ಹೊಲಿದೆ. "ಆನೆ ಎಳೆದ್ರೂ ಬಿಡಲ್ಲ," ಎಂದು ಜಂಬ ಬೇರೆ.

ಅದು ಬಿಡಬೇಕಾದ ಹೊಲಿಗೆ ಎಂದು ಗೊತ್ತಾದದ್ದು ಹೋದ ವರ್ಷ, ದಾರ ಮಾರಲು ಬಂದವನಿಂದ. ಅಂಥ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಮಡಿಸಿಟ್ಟಿರುತ್ತಾರಂತೆ. ಪಕ್ಕದಿಂದ ಯಾವುದಾದರೂ ಗಾಡಿ ಬಂದು ಗುದ್ದಿದರೆ ಅದು ಹೊಲಿಗೆ ಹರಿದುಕೊಂಡು ಹೊರಗೆ ಬಂದು ಕೂತವರನ್ನು ಉಳಿಸಬೇಕು. ಅದಕ್ಕೆಂದೇ ಅಲ್ಲಿಗೆ ಸುಲಭವಾಗಿ ಹರಿಯುವ ದಾರ. ಅವತ್ತಿನಿಂದ ಅಂಥ ಕೆಲಸ ಹಿಡಿಯುವುದನ್ನು ನಿಲ್ಲಿಸಿದೆ. ಹೊಲಿದು ಕೊಟ್ಟವುಗಳ ಬಗ್ಗೆ ಮಾತ್ರ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಕಾರು ವಾಪಸು ಬಂದು ಅಂಗಳದಲ್ಲಿ ನಿಂತಿತು.

"ಭಾವ, ಬೇಡ," ಎಂದೆ. "ನನಗ್ಯಾಕೋ ಸರಿ ಕಾಣ್ತಿಲ್ಲ."

ಅಷ್ಟು ಸಾಕಿತ್ತು. ನನ್ನ ಅನುಮಾನಕ್ಕೆ ಕಾರಣ ಕೇಳುವುದನ್ನು ನಮ್ಮ ಮನೆಯವರು ಬಿಟ್ಟು ಯಾವ ಕಾಲವಾಯಿತು! ಭಾವನ ಮುಖ ಸಪ್ಪಗಾಯಿತು, ಆದರೂ ಕೀಲಿ ತೆಗೆದು ವಾಪಸು ಕೊಟ್ಟರು.

"ನಿಮ್ಮಿಷ್ಟ ಸಾರ್," ಎಂದ ಮಾರುವವನು. "ನಾಲ್ಕು ಗಂಟೆಗೆ ಇನ್ನೊಬ್ರು ಬರ್ತಿದ್ದಾರೆ. ಗಂಡ, ಹೆಂಡ್ತಿ. ಆಕೆ ಬಸುರಿ, ಅವರಿಗೂ ಮೆತ್ತಗೆ ಓಡೋ ಗಾಡೀನೇ ಬೇಕಂತೆ."

ಅಕ್ಕ ಸೀಟಿನಿಂದ ಏಳಲೇ ಇಲ್ಲ. "ಎಲ್ಲಾ ಸರಿ ಇದೆ ಅಂತ ನೀನೇ ಹೇಳಿದ್ಯಲ್ಲೋ," ಎಂದಳು.

ನನ್ನಿಂದ ತಡೆಯಲಾಗಲಿಲ್ಲ. "ಇಳಿ ಅಕ್ಕ. ಆ ಸೀಟು ಹೊಲಿದೋನು ನಾನೇ," ಎಂದು ಶುರು ಮಾಡಿ, ಕಿತ್ತ ಸೀಟು, ಗಟ್ಟಿ ದಾರ, ಹೋದ ವರ್ಷದ ಮಾತು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಭಾವ ಅವಳನ್ನು ಹಿಡಿದು ಇಳಿಸಿದರು. ನಾನು ಜೇಬಿನಲ್ಲಿ ಯಾವಾಗಲೂ ಇರುವ, ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದು ಬಗ್ಗಿದೆ.

"ಏನ್ ಮಾಡ್ತಿದ್ದೀರಾ? ಪೊಲೀಸ್ ಕರೀತೀನಿ!" ಎಂದು ಮಾರುವವನು ಕೂಗಿದ.

"ಕರೀರಿ," ಎಂದೆ.

ಮೂರು ಸಾಲೂ ಬಿಚ್ಚಿದೆ. ಒಳಗೆ ಏರ್‌ಬ್ಯಾಗ್ ಬದಲು ಬರೀ ಸ್ಪಂಜು ತುರುಕಿರುತ್ತಾರೆ, ಇವನ ಬಣ್ಣ ಈಗ ಬಯಲಾಗುತ್ತದೆ ಎಂದು ನನಗೆ ಒಳಗೊಳಗೇ ಆಸೆ ಇತ್ತು. ಇಲ್ಲ. ಹೊಚ್ಚ ಹೊಸ ಏರ್‌ಬ್ಯಾಗ್ ನೀಟಾಗಿ ಮಡಿಸಿಕೊಂಡು ತನ್ನ ಜಾಗದಲ್ಲಿ ಕೂತಿತ್ತು. ಯಾವುದೋ ಗಾಡಿ ಗುದ್ದಿ ಹಳೆಯದು ಸಿಡಿದ ಮೇಲೆ ಗ್ಯಾರೇಜಿನವರು ಹೊಸದನ್ನೇ ಹಾಕಿದ್ದರು, ಆ ಕೆಲಸದಲ್ಲಿ ಮೋಸ ಮಾಡಿರಲಿಲ್ಲ. ಅದು ಹೊರಗೆ ಬಾರದ ಹಾಗೆ ಕಟ್ಟಿಹಾಕಿದ್ದು ನಾನೊಬ್ಬನೇ.

"ಗಾಜಿಗೆ ಬಿದ್ದಿದ್ದು ಚೆಂಡು ಅಂತಾನೇ ಹೇಳಿದ್ರು ಸಾರ್, ದೇವರಾಣೆಗೂ ನಂಗೊತ್ತಿರ್ಲಿಲ್ಲ," ಎಂದ ಮಾರುವವನು. ಬೆಳಗ್ಗೆಯಿಂದ ಮೊದಲ ಸಲ ಅವನ ಮಾತು ನಂಬಿದೆ.

ಅಕ್ಕ ಒಂದು ಕೈ ಸೊಂಟದ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಇಂಥವು ಎಷ್ಟು ಹೊಲಿದಿದ್ದೀಯೋ?"

"ಹನ್ನೊಂದು." ಯೋಚಿಸುವ ಅಗತ್ಯವೇ ಇರಲಿಲ್ಲ.

"ಎಲ್ಲಿಂದ ಬಂದಿದ್ದು ಅಂತ ಗೊತ್ತಾ?"

"ಗ್ಯಾರೇಜುಗಳು ಗೊತ್ತು."

"ಮತ್ತೆ ಒಂದು ವರ್ಷದಿಂದ ಏನ್ ಮಾಡ್ತಿದ್ದೆ?"

ಅವಳು ಭಾವನ ತೋಳು ಹಿಡಿದು ಗೇಟಿನಾಚೆ ನಿಂತಿದ್ದ ತಮ್ಮ ಪುಟ್ಟ ಕಾರಿನತ್ತ ನಡೆದಳು. ಹಲ್ಲು ಕಚ್ಚಿಕೊಂಡು ಒಳಗೆ ಕೂತು, ನನಗೆಂದು ಹಿಂದಿನ ಬಾಗಿಲು ತೆರೆಸಿದಳು.

"ಹತ್ತು," ಎಂದಳು. "ಇನ್ನೂ ಹತ್ತು ಉಳಿದಿವೆ. ಮೊದಲು ಯಾವ ಗ್ಯಾರೇಜು ಅಂತ ನಿಮ್ಮ ಭಾವಂಗೆ ದಾರಿ ಹೇಳು."