ಸವಾರರ ತೂಕ

ನನ್ನ ಗಂಡ ಅಡುಗೆಮನೆಯ ತಕ್ಕಡಿಯನ್ನು ಎತ್ತಿಕೊಂಡು ಹೋಗಿ ಎಂಟು ತಿಂಗಳಾಯಿತು. ಅದೀಗ ಪಕ್ಕದ ಕೋಣೆಯ ಮೇಜಿನ ಮೇಲಿದೆ. ಮೊದಲು ಆ ಕೋಣೆಯಲ್ಲಿ ನೆಂಟರು ಮಲಗುತ್ತಿದ್ದರು. ಈಗ ಬೋಲ್ಟುಗಳು ಮಲಗುತ್ತವೆ, ಒಂದೊಂದೂ ತನ್ನದೇ ಪುಟ್ಟ ಚೀಲದಲ್ಲಿ, ಚೀಲದ ಮೇಲೆ ತೂಕ ಬರೆದ ಚೀಟಿ ಅಂಟಿಸಿಕೊಂಡು. ಗೋಡೆಗೆ ಕಾರ್ಬನ್ನಿನ ಗುಡ್ಡಗಾಡು ಸೈಕಲ್ಲೊಂದು ನೇತಾಡುತ್ತಿದೆ. ಅದು ಮೊದಲನೆಯದು. ಎರಡು ವರ್ಷದಲ್ಲಿ ಅದು ಹತ್ತಿದ ಅತಿ ಎತ್ತರದ ಜಾಗವೆಂದರೆ ಆ ಗೋಡೆಯ ಮೊಳೆ.

ಈಗ ನಡೆಯುತ್ತಿರುವುದು ಎರಡನೆಯದರ ತಯಾರಿ: ರಸ್ತೆಯಲ್ಲಿ ಓಡಿಸುವ ರೇಸ್ ಸೈಕಲ್. ಫ್ರೇಮು ಬಂದ ದಿನ ಹೊದಿಕೆ ಬಿಚ್ಚಿ ತೂಗಿದರು. ಎಂಟುನೂರ ಹನ್ನೆರಡು ಗ್ರಾಮ್. ಕಂಪನಿಯವರು ಎಂಟುನೂರು ಎಂದಿದ್ದರಂತೆ. ಆ ಹನ್ನೆರಡು ಗ್ರಾಮಿಗಾಗಿ ಮನೆಯಲ್ಲಿ ಎರಡು ದಿನ ಮಾತಿಲ್ಲ.

ಮೂರನೆಯ ದಿನ ನನ್ನನ್ನು ಕೂರಿಸಿಕೊಂಡು ಲೆಕ್ಕ ಹೇಳಿದರು.

"ನೋಡು, ನೀರಿನ ಬಾಟಲಿ ಸಿಕ್ಕಿಸೋ ಹಿಡಿಕೆಗೆ ಹಾಕೋ ಸ್ಟೀಲ್ ಬೋಲ್ಟ್ ನಾಲ್ಕು ಗ್ರಾಮ್. ಟೈಟೇನಿಯಂದು ಎರಡೂವರೆ. ನಾಲ್ಕು ಬೋಲ್ಟಿಗೆ ಎಷ್ಟು ಉಳೀತು?"

"ಆರು ಗ್ರಾಮ್."

"ಆರು ಗ್ರಾಮ್," ಎಂದರು, ಮಗು ಮೊದಲ ಹೆಜ್ಜೆ ಇಟ್ಟಿತು ಎನ್ನುವ ಧ್ವನಿಯಲ್ಲಿ. ಹೇಳುತ್ತಲೇ ಮೂರನೆಯ ಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡರು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಮ್ಮವರ ಕೂಸು ಕಂಕುಳಲ್ಲಿಲ್ಲ, ಸ್ವಲ್ಪ ಮುಂದಕ್ಕಿದೆ. ಹಿಂದಿನ ತಿಂಗಳು ಆರೋಗ್ಯ ತಪಾಸಣೆಗೆ ಹೋದಾಗ ತೂಕದ ಯಂತ್ರ ತೊಂಬತ್ತೆಂಟು ಕಿಲೋ ತೋರಿಸಿತು. ಪಕ್ಕದಲ್ಲೇ ನಿಂತು ನೋಡಿದ್ದೆ. ಅವರು ಮಾತ್ರ ಆಗ ಚಾವಣಿಯ ಫ್ಯಾನ್ ನೋಡುತ್ತಿದ್ದರು.

ಅವರ ಭಾನುವಾರದ ಗುಂಪಿನಲ್ಲಿ ಆರು ಜನರಿದ್ದಾರೆ. ಎಲ್ಲರೂ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು, ಎಲ್ಲರಿಗೂ ನಲವತ್ತು ದಾಟಿದೆ. ಸವಾರಿ ಒಂದು ಗಂಟೆ, ಸೈಕಲ್ ಮಾತು ಮೂರು ಗಂಟೆ. ನನ್ನ ಗಂಡನಿಗೆ ಅಲ್ಲಿ 'ಗ್ರಾಮ್ ಗುರು' ಎಂದು ಹೆಸರು. ಅದನ್ನು ಅವರು ಬಿರುದು ಎಂದು ತಿಳಿದಿದ್ದಾರೆ. ಗುಂಪಿನ ಹಲ್ಲಿನ ಡಾಕ್ಟರು ಇವರ ಪರಮಮಿತ್ರ ಮತ್ತು ಪರಮವೈರಿ, ಏಕೆಂದರೆ ಡಾಕ್ಟರ ಸೈಕಲ್ಲು ಆರು ಕಿಲೋ ಒಂಬೈನೂರು ಗ್ರಾಮ್ ಇದೆ. ಅದಕ್ಕಿಂತ ಕಡಿಮೆ ಮಾಡುವುದೇ ಇವರ ಜೀವನದ ಗುರಿ.

ಸೈಕಲ್ ಕಟ್ಟಿಕೊಡುವವರು ಅಕ್ಕ. ಐವತ್ತು ದಾಟಿದ ಹೆಂಗಸು. ಅವರಿಗಿಂತ ಹಿರಿಯರೂ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ. ಅಂಗಡಿ ಉದ್ದನೆಯದೊಂದು ಕೋಣೆ. ಕಿಟಕಿಯ ಕೆಳಗೆ ಮರದ ಹಲಗೆ, ಹಲಗೆಯ ಮೇಲೆ ಅಳತೆಯ ಪ್ರಕಾರ ಜೋಡಿಸಿದ ಸ್ಪ್ಯಾನರುಗಳು, ಎದುರು ಗೋಡೆಯಲ್ಲಿ ಸಾಲಾಗಿ ನೇತುಹಾಕಿದ ಚೈನುಗಳು. ಅಕ್ಕ ತಯಾರಾದ ಚಕ್ರ ಮಾರುವುದಿಲ್ಲ. ಯಾರು ಕೂರುತ್ತಾರೋ ಅವರಿಗೆ ತಕ್ಕಂತೆ ಒಂದೊಂದು ಕಡ್ಡಿಯನ್ನೂ ಕೈಯಿಂದ ಹೆಣೆದು ಚಕ್ರ ಮಾಡುತ್ತಾರೆ. ಅದಕ್ಕೆ ತುಂಬಿಕೊಡಲು ಒಂದು ಕಾಗದ ಕೊಡುತ್ತಾರೆ: ಎತ್ತರ, ತೋಳಿನ ಉದ್ದ, ಯಾವ ರಸ್ತೆ, ಸವಾರರ ತೂಕ. ತೂಕವನ್ನು ಬಾಯಿಬಿಟ್ಟು ಕೇಳುವುದಿಲ್ಲ. ಅದು ಅವರ ಮರ್ಯಾದೆ.

"ಇಲ್ಲಿ ಬರೆದದ್ದನ್ನ ನಂಬ್ತೀನಿ ಸಾರ್," ಎಂದರು ನಾವು ಹೋದ ದಿನ, ನನ್ನ ಗಂಡನ ಕೈಗೆ ಪೆನ್ನು ಕೊಡುತ್ತಾ. "ನಂಬಿ ಕಡ್ಡಿ ಎಣಿಸ್ತೀನಿ."

ಜೊತೆಗೆ ಬಂದಿದ್ದ ಡಾಕ್ಟರು ಇವರ ಭುಜದ ಮೇಲಿಂದ ಇಣುಕುತ್ತಿದ್ದರು. ತೂಕದ ಜಾಗಕ್ಕೆ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ನನ್ನ ಗಂಡ ಎಂಬತ್ತೆರಡು ಎಂದು ಬರೆದರು. ಉಸಿರು ಎಳೆದು ಬಿಡುವಷ್ಟರಲ್ಲಿ ಹದಿನಾರು ಕಿಲೋ ಇಳಿಸಿದರು. ಟೈಟೇನಿಯಮ್ಮಿಗೂ ಆಗದ ಕೆಲಸ.

ನಾನು ನೋಡಿದೆ. ನಾಲ್ಕು ಜನರ ಎದುರು ಗಂಡನ ಮಾನ ತೆಗೆಯಬಾರದೆಂದುಕೊಂಡು ಚೈನುಗಳನ್ನು ಎಣಿಸತೊಡಗಿದೆ. ಔಷಧಿ ಡಬ್ಬಿಯೊಳಗೆ ಮಡಚಿ ಇಡುವ ಚೀಟಿಗಳನ್ನು ತಿದ್ದುವುದು ನನ್ನ ಕೆಲಸ. ಅದರಲ್ಲಿ 'ದಿನಕ್ಕೆ' ಎಂಬ ಒಂದು ಪದ ಬಿಟ್ಟುಹೋದರೆ ಮೂರು ಜನರಿಗೆ ಫೋನ್ ಮಾಡಿ ನಿದ್ದೆಗೆಡುವವಳು ನಾನು. ಆ ದಿನ ಇಪ್ಪತ್ತೊಂದು ಚೈನು ಎಣಿಸಿ ಮನೆಗೆ ಬಂದೆ.

ಆಮೇಲೆ ಒಂದೊಂದಾಗಿ ಭಾಗಗಳು ಬರತೊಡಗಿದವು. ಅಕ್ಕನ ಕೈಗೆ ಕೊಡುವ ಮೊದಲು ಅವನ್ನು ಮನೆಯಲ್ಲಿ ತೂಗಿ, ಫೋಟೋ ತೆಗೆದು, ಗುಂಪಿಗೆ ಕಳಿಸುವುದು ಸಂಪ್ರದಾಯ. ಕಾರ್ಬನ್ ಹ್ಯಾಂಡಲ್, ಕಾಗದದಷ್ಟು ತೆಳುವಾದ ಸೀಟು, ಟೈಟೇನಿಯಂ ಆಕ್ಸಲಿನ ಪೆಡಲುಗಳು. ಅವರು ಡಬ್ಬಿಯ ಮುಂಭಾಗ ಓದುತ್ತಿದ್ದರು. ಒಳಗಿನ ಚೀಟಿಯನ್ನು ಕಸದ ಬುಟ್ಟಿಯಿಂದ ಎತ್ತಿಕೊಂಡು ನಾನು ಓದುತ್ತಿದ್ದೆ. ಮದುವೆಯಾದಾಗಿನಿಂದ ನಮ್ಮ ಸಂಸಾರ ನಡೆದಿರುವುದೇ ಹೀಗೆ.

"ರೀ, ಈ ಪೆಡಲು ಎಂಬತ್ತೈದಕ್ಕೆ ಮಾತ್ರವಂತೆ."

"ಎಂಬತ್ತೈದು ಏನು?"

"ಕಿಲೋ. ಮೇಲೆ ಕೂರೋ ಮನುಷ್ಯರದು. ಹ್ಯಾಂಡಲ್ಲು, ಸೀಟು ತೊಂಬತ್ತಕ್ಕೆ."

"ಅದೆಲ್ಲ ಕೋರ್ಟಿಗೆ ಹೆದರಿ ಬರೆಯೋದು. ನಿಮ್ಮ ಚೀಟೀಲಿ ಬರೆಯಲ್ವಾ, ತಲೆನೋವಿನ ಮಾತ್ರೆ ನುಂಗಿದ್ರೆ ತಲೆನೋವು ಬರಬಹುದು ಅಂತ. ಹಾಗೆ."

"ಅದು ನಿಜವಾಗ್ಲೂ ಬರುತ್ತೆ."

"ನಿನಗೆ ಭಯ ಅನ್ನೋದು ಒಂದು ಹವ್ಯಾಸ ಆಗಿಬಿಟ್ಟಿದೆ."

"ಒಂದ್ಸಲ ಯಂತ್ರದ ಮೇಲೆ ನಿಂತ್ಕೊಂಡು ನೋಡಿ."

"ಆ ಯಂತ್ರಗಳನ್ನೆಲ್ಲ ನಂಬೋಕಾಗಲ್ಲ," ಎಂದರು. ಬೋಲ್ಟಿನ ಅರ್ಧ ಗ್ರಾಮನ್ನು ದೇವರ ವಾಕ್ಯದಂತೆ ನಂಬುವ ಮನುಷ್ಯ.

ನನ್ನ ಭಯಕ್ಕೆ ದಿನಾಂಕವೂ ಇತ್ತು. ಸೈಕಲ್ಲು ಶನಿವಾರ ಕೈಗೆ ಬರುವುದು, ಭಾನುವಾರ ಗುಂಪು ಊರಾಚೆಯ ಬೆಟ್ಟ ಹತ್ತುವುದು. ಹತ್ತುವುದರ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಅವರು ಹತ್ತುವ ವೇಗದಲ್ಲಿ ಬಿದ್ದರೆ ಮಂಡಿ ತರಚೀತು ಅಷ್ಟೆ. ಇಳಿಯುವಾಗ ಹದಿನೆಂಟು ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಕಟ್ಟೆ. ಹೋದ ವರ್ಷ ಡಾಕ್ಟರು ಅಲ್ಲಿ ಗಂಟೆಗೆ ಅರವತ್ತರಲ್ಲಿ ಇಳಿದರಂತೆ. ಆ ದಾಖಲೆ ಮುರಿಯುವುದು ಇವರ ಗುರಿಯ ಎರಡನೆಯ ಭಾಗ.

ಡಾಕ್ಟರಿಗೆ ಫೋನ್ ಮಾಡಿದೆ.

"ಅತ್ತಿಗೆ, ನೀವು ಸುಮ್ಮನೆ ತಲೆ ಕೆಡಿಸ್ಕೋಬೇಡಿ. ಅವರು ಬರೆಯೋದಕ್ಕಿಂತ ಎರಡರಷ್ಟು ಗಟ್ಟಿ ಮಾಡಿರ್ತಾರೆ. ನಾವು ಹಲ್ಲಿಗೆ ಹಾಕೋ ಕ್ಯಾಪೂ ಹಾಗೇ."

ಆ ಕ್ಯಾಪು ನನ್ನ ಗಂಡನ ದವಡೆಯಿಂದ ಎರಡು ಸಲ ಉದುರಿದೆ. ಒಂದು ಸಲ ಅದನ್ನು ನುಂಗಿಯೂ ಬಿಟ್ಟರು. ಆದರೂ ಡಾಕ್ಟರ ಮಾತಿನಲ್ಲಿ ಸಂಶಯದ ಸುಳಿವಿರಲಿಲ್ಲ. ಬೇರೆಯವರ ದೇಹದ ವಿಷಯದಲ್ಲಿ ಗಂಡಸರಿಗೆ ಇಷ್ಟೊಂದು ಧೈರ್ಯ ಎಲ್ಲಿಂದ ಬರುತ್ತದೋ.

ಗುರುವಾರ ಕೆಲಸದಿಂದ ಬೇಗ ಹೊರಟು ಅಕ್ಕನ ಅಂಗಡಿಗೆ ಹೋದೆ. ಅವರು ಚಕ್ರವನ್ನು ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿ, ತಿರುಗಿಸುತ್ತಾ, ಒಂದೊಂದು ಕಡ್ಡಿಯನ್ನೂ ಬೆರಳಲ್ಲಿ ಮೀಟಿ ಕೇಳುತ್ತಿದ್ದರು. ಹೇಳಬೇಕಾದುದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಹೇಳಿದ್ದು ಮಾತ್ರ ಒಂದೇ ವಾಕ್ಯ.

"ನಮ್ಮವರ ತೂಕ ತೊಂಬತ್ತೆಂಟು."

ಅಕ್ಕ ಚಕ್ರ ನಿಲ್ಲಿಸಿದರು.

"ಅವತ್ತು ನೀವು ಇಲ್ಲೇ ನಿಂತಿದ್ರಿ."

"ಹೌದು."

"ನೋಡಿದ್ರಿ."

"ನೋಡಿದೆ."

ಅವರು ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು. ಆ ಒರೆಸುವಿಕೆ ನನಗೆ ಬೇಕಾಗಿದ್ದಕ್ಕಿಂತ ದೀರ್ಘವಾಗಿತ್ತು.

"ಎಲ್ಲಾರೂ ನಾಲ್ಕೈದು ಕಿಲೋ ಕದೀತಾರಮ್ಮ. ಅದಕ್ಕೆ ನಾನೂ ನಾಲ್ಕೈದು ಸೇರಿಸೇ ಲೆಕ್ಕ ಹಾಕ್ತೀನಿ. ನಿಮ್ಮೆಜಮಾನ್ರನ್ನ ನೋಡಿ ತೊಂಬತ್ತು ಇರಬಹುದು ಅಂದ್ಕೊಂಡೆ. ಹದಿನಾರು ಕದಿಯೋ ಕಳ್ಳ ಈವರೆಗೆ ಬಂದಿರಲಿಲ್ಲ. ಕಣ್ಣಳತೆ ನಂಬಿದ್ದು ನನ್ನ ತಪ್ಪು. ಬಾಯಿ ಮುಚ್ಕೊಂಡಿದ್ದು ನಿಮ್ಮದು."

"ಇದು ತಡೆಯಲ್ವಾ?"

"ಮುಂದೆ ಇಪ್ಪತ್ತು ಕಡ್ಡಿ, ಹಿಂದೆ ಇಪ್ಪತ್ನಾಲ್ಕು ಹಾಕಿದೀನಿ. ಅವರಿಗೆ ಎರಡಕ್ಕೂ ಇಪ್ಪತ್ತೆಂಟು ಬೇಕು, ರಿಮ್ಮೂ ದಪ್ಪ ಇರಬೇಕು. ತಡೆದ್ರೂ ತಡೀಬಹುದು, ಒಂದು ತಿಂಗಳು, ಒಂದು ವರ್ಷ. ಕಬ್ಬಿಣ ಆಗಿದ್ರೆ ಮುರಿಯೋ ಮುಂಚೆ ಬಗ್ಗಿ ಹೇಳುತ್ತೆ. ಕಾರ್ಬನ್ ಹೇಳಲ್ಲ. ಚೆನ್ನಾಗೇ ಇರುತ್ತೆ, ಆಮೇಲೆ ಇರಲ್ಲ."

"ಹಾಗಾದ್ರೆ ನೀವೇ ಬದಲಾಯಿಸಿಬಿಡಿ. ಅವರಿಗೆ ಹೇಳೋದು ಬೇಡ."

ಅಕ್ಕ ನನ್ನನ್ನು ನೋಡಿದ ನೋಟವನ್ನು ನಾನು ಗಂಡನ ಮೇಲೆ ಎಷ್ಟೋ ಸಲ ಬೀರಿದ್ದೇನೆ. ನನ್ನ ಮೇಲೆ ಬಿದ್ದದ್ದು ಅದೇ ಮೊದಲು.

"ಕಡ್ಡಿ ಎಣಿಸೋಕೆ ಅವರಿಗೆ ಬರಲ್ವಾ? ಮನೆಗೆ ಹೋಗಿ ತೂಗಲ್ವಾ? ನಾಳೆ ಇನ್ನೊಬ್ಬರ ಹತ್ರ ಹೋಗಿ ಇದಕ್ಕಿಂತ ತೆಳ್ಳಗಿಂದು ಹಾಕಿಸ್ಕೋತಾರೆ. ಅವರ ಕೈಯಲ್ಲೇ ಬರೆಸಬೇಕು. ಶನಿವಾರ ನೀವೂ ಬನ್ನಿ."

ಎರಡು ದಿನ ನನಗೆ ಊಟ ಸೇರಲಿಲ್ಲ. ಅವರಿಗೆ ಎರಡು ದಿನವೂ ಚೆನ್ನಾಗಿ ಸೇರಿತು.

ಶನಿವಾರ ಇವರು ಡಾಕ್ಟರನ್ನೂ ಇನ್ನಿಬ್ಬರನ್ನೂ ಫೋಟೋಗೆಂದು ಕರೆದುಕೊಂಡು ಬಂದಿದ್ದರು. ಸೈಕಲ್ಲು ಸ್ಟ್ಯಾಂಡಿನಲ್ಲಿತ್ತು. ಚಕ್ರವಿಲ್ಲ, ಪೆಡಲಿಲ್ಲ, ಹ್ಯಾಂಡಲಿಲ್ಲ, ಸೀಟಿಲ್ಲ. ಕಪ್ಪು ಮೂಳೆಗಳ ಗೂಡೊಂದು ಗಾಳಿಯಲ್ಲಿ ನಿಂತಂತೆ ಕಾಣುತ್ತಿತ್ತು.

"ಇದೇನಕ್ಕಾ, ನಾಳೆ ಬೆಟ್ಟಕ್ಕೆ ಹೋಗ್ಬೇಕು," ಎಂದರು ನನ್ನ ಗಂಡ.

ಅಕ್ಕ ಹೊಸ ಕಾಗದವನ್ನು ಮುಂದಿಟ್ಟರು. "ತೂಕ ಇನ್ನೊಂದ್ಸಲ ಬರೀರಿ ಸಾರ್."

"ಬರೆದಿದ್ನಲ್ಲ."

"ಅದು ಇನ್ಯಾರದೋ. ಅವರು ಬಂದಾಗ ಆ ಚಕ್ರ ಕೊಡ್ತೀನಿ."

ಗಂಡ ನನ್ನತ್ತ ತಿರುಗಿದರು. ಅವರಿಗೆ ಗೊತ್ತಾಯಿತು. ಇಪ್ಪತ್ತು ವರ್ಷ ಜೊತೆಗಿದ್ದರೆ ಯಾರು ಚಾಡಿ ಹೇಳಿದರು ಎನ್ನುವುದಕ್ಕೆ ವಿಚಾರಣೆ ಬೇಕಾಗುವುದಿಲ್ಲ. ಪೆನ್ನು ತೆಗೆದುಕೊಂಡು, ದೊಡ್ಡ ತ್ಯಾಗ ಮಾಡುವವರ ಮುಖದಲ್ಲಿ, ತೊಂಬತ್ತು ಎಂದು ಬರೆದು ಕಾಗದ ತಳ್ಳಿದರು.

ಅಕ್ಕ ಅದನ್ನು ಎತ್ತಿಕೊಳ್ಳಲಿಲ್ಲ. ನನ್ನನ್ನು ನೋಡಿದರು. ಉಳಿದವರೂ ನೋಡಿದರು. ಈಗ ಸುಮ್ಮನಿದ್ದರೆ ನಾಳೆ ಹದಿನೆಂಟು ತಿರುವುಗಳನ್ನು ನಾನೊಬ್ಬಳೇ ಎಣಿಸಬೇಕು.

"ತೊಂಬತ್ತೆಂಟು," ಎಂದೆ. ಬೇಕಾದುದಕ್ಕಿಂತ ಜೋರಾಗಿಯೇ ಬಂತು.

ಯಾರೋ ಕೆಮ್ಮಿದರು.

"ಆವಾಗ ಬಟ್ಟೆ ಹಾಕಿದ್ದೆ," ಎಂದರು ಗಂಡ. "ಶೂ ಬೇರೆ ಇತ್ತು."

"ಗುರುಗಳೇ," ಎಂದರು ಡಾಕ್ಟರು ಮೆಲ್ಲಗೆ, "ಎಂಟು ಕಿಲೋ ಶೂ ಯಾವ ಕಂಪನೀದು?"

ನಗಲು ಎಲ್ಲರಿಗೂ ಆಸೆಯಿತ್ತು, ಧೈರ್ಯವಿರಲಿಲ್ಲ. ನನ್ನ ಗಂಡ ತೊಂಬತ್ತನ್ನು ಹೊಡೆದುಹಾಕಿ ಪಕ್ಕದಲ್ಲಿ ತೊಂಬತ್ತೆಂಟು ಎಂದು ಬರೆದರು. ನಮ್ಮ ಔಷಧಿ ಚೀಟಿಯಲ್ಲೂ ಅಷ್ಟು ಸಣ್ಣ ಅಂಕಿ ಹಾಕುವುದಿಲ್ಲ. ಅಕ್ಕ ಕನ್ನಡಕ ಏರಿಸಿ ಓದಿ, "ಹದಿನೈದು ದಿನ ಬೇಕು," ಎಂದರು.

ಭಾನುವಾರ ಗುಂಪು ಇವರನ್ನು ಬಿಟ್ಟು ಬೆಟ್ಟಕ್ಕೆ ಹೋಯಿತು. ಇವರು ಪಕ್ಕದ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರು. "ನಾಲ್ಕು ಜನರ ಮುಂದೆ," ಎಂದು ಒಳಗಿನಿಂದ ಒಮ್ಮೆ ಕೇಳಿಸಿತು. ನಾಲ್ಕು ಜನರೇ ಹೆಗಲು ಕೊಡುವವರೂ ಆಗುತ್ತಿದ್ದರು ಎಂದು ನಾನು ಹೇಳಲಿಲ್ಲ. ಆಡಿದ ಒಂದು ಸಂಖ್ಯೆಯೇ ಆ ವಾರಕ್ಕೆ ಸಾಕಾಗಿತ್ತು.

ಮಾನ ವಾಪಸು ಬರಲು ಎಂಟು ದಿನ ಸಾಕಾಯಿತು. ಒಂಬತ್ತನೆಯ ದಿನ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: "ತೂಕ ಅಲ್ಲಪ್ಪ, ಬಿಗಿ ಮುಖ್ಯ. ಇಪ್ಪತ್ತೆಂಟು ಕಡ್ಡಿ ಹಾಕಿದ್ರೆ ತುಳಿದ ಶಕ್ತಿ ಒಂದು ಚೂರೂ ಪೋಲಾಗಲ್ಲ. ತಿಳಿದವರೆಲ್ಲ ಈಗ ಅದಕ್ಕೇ ಬರ್ತಿದ್ದಾರೆ." ಮುಂದಿನ ವಾರ ಡಾಕ್ಟರು ಇಪ್ಪತ್ತೆಂಟು ಕಡ್ಡಿಯ ಚಕ್ರಕ್ಕೆ ಹೇಳಿಬಂದರು. ಇನ್ನಿಬ್ಬರು ಯೋಚಿಸುತ್ತಿದ್ದಾರಂತೆ. ಆರು ಜನರಲ್ಲಿ ಒಬ್ಬರೂ ತಮ್ಮ ತೂಕದ ಮಾತೆತ್ತಿಲ್ಲ.

ಅಕ್ಕ ಚಕ್ರ, ಪೆಡಲು, ಹ್ಯಾಂಡಲು, ಸೀಟು ಎಲ್ಲವನ್ನೂ ಗಟ್ಟಿಯವಕ್ಕೆ ಬದಲಿಸಿ ಸೈಕಲ್ಲು ಕೊಟ್ಟರು. ಕೊನೆಗೂ ಬೆಟ್ಟದ ದಿನ ಬಂತು. ನಾನು ಕೆಳಗೆ, ಇಳಿಜಾರು ಮುಗಿಯುವಲ್ಲಿ ಕಾರು ನಿಲ್ಲಿಸಿಕೊಂಡು ಕಾದೆ. ಡಾಕ್ಟರು ಬಂದರು, ಇನ್ನಿಬ್ಬರು ಬಂದರು, ಮತ್ತಿಬ್ಬರು ಬಂದರು. ಇವರಿಲ್ಲ. ಏಳು ನಿಮಿಷ ಯಾರೂ ಬರಲಿಲ್ಲ. ಆ ಐವರು ಏಳು ನಿಮಿಷವೂ ಚೈನಿಗೆ ಹಾಕುವ ಎಣ್ಣೆಯ ಬಗ್ಗೆ ಮಾತಾಡಿದರು.

ಆಮೇಲೆ ಕೊನೆಯ ತಿರುವಿನಲ್ಲಿ ಇವರು ಕಾಣಿಸಿಕೊಂಡರು, ಬ್ರೇಕು ಹಿಡಿದೇ, ಬೆನ್ನು ನೆಟ್ಟಗೆ ಮಾಡಿ, ಮೆರವಣಿಗೆಯ ಮದುವಣಿಗನ ವೇಗದಲ್ಲಿ. ನನ್ನ ಪಕ್ಕಕ್ಕೆ ಬಂದು ಒಂದು ಕಾಲು ಊರಿ ನಿಂತು ಏದುಸಿರು ಬಿಟ್ಟರು.

"ಮುನ್ನೂರ ಹತ್ತು ಗ್ರಾಮ್ ಜಾಸ್ತಿ ಆಗಿದೆಯಲ್ಲ," ಎಂದರು, "ಹತ್ತೋವಾಗ ಗೊತ್ತಾಗುತ್ತೆ."

ನಾನು ಅವರ ಮುಖ ನೋಡಿದೆ, ಕೈ ನೋಡಿದೆ, ಕಾಲು ನೋಡಿದೆ. ಎಲ್ಲವೂ ಇದ್ದವು.

"ಹೌದಾ," ಎಂದೆ.