ಚಪ್ಪಾಳೆಯ ಮೇಸ್ತ್ರಿ

ಕಾಲಡಿ ಗಾಜಿನ ಚೂರು, ಹೆಜ್ಜೆಯಿಟ್ಟಲ್ಲೆಲ್ಲ ಚರಚರ, ಮೆಲ್ಲಗೆ ನಡೆಯೋ ಗುಮಾರ್ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ, ಬೂಟಿನ ಅಟ್ಟೆ ಮೊದಲೇ ತೂತು — ಅಯ್ಯೋ, ಬೂಟಿನ ಚಿಂತೆಯೊಂದು ಕೇಡು ನನಗೆ, ಮಗಳೆಲ್ಲಿ, ನನ್ನ ನೆಲ್ಲೆ ಎಲ್ಲಿ, ಮೂರು ವರ್ಷದಿಂದ ಅವಳು ಪಾತ್ರೆ ಉಜ್ಜುವುದು ಇದೇ ಮನೆಯಲ್ಲಿ, ನಮ್ಮನ್ನಾಳುವ ಡಚ್ ದೊರೆಯ ಬಾಲಬಡುಕ ಆ ಪತ್ರಿಕೆಯವನ ಮನೆ, ಅದರ ಪರದೆಗಳೆಲ್ಲ ಬೀದಿಯಲ್ಲಿ ಬಿದ್ದು ಉರಿಯುತ್ತಿವೆ, ಬ್ರಸೆಲ್ಸಿಗೆ ಬ್ರಸೆಲ್ಸೇ ಬೀದಿಗಿಳಿದಿದೆ, ಎಬ್ಬಿಸಿದವನು ನಾನು, ಒಪೆರಾದಲ್ಲಿ ಕಾಸು ತೆಗೆದುಕೊಂಡು ಚಪ್ಪಾಳೆ ಹೊಡೆಸುವ ನಾನು. ಇವತ್ತು ಬೆಸ್ತರ ದಂಗೆಯ ಆಟ, ಅದರಲ್ಲಿ ಇಬ್ಬರು ಗಾಯಕರು ತಾಯ್ನಾಡಿನ ಹಾಡು ಎತ್ತಿಕೊಂಡಾಗ ಒಬ್ಬನೂ ಕೈ ತಟ್ಟಕೂಡದು ಎಂದು ಮ್ಯಾನೇಜರು ಮೊದಲೇ ಹೇಳಿದ್ದ, ಪೊಲೀಸರು ಬಂದು ಕೂತಿದ್ದಾರೆ ಕಣೋ ಎಂದಿದ್ದ, ನಾನೂ ನನ್ನ ಇಪ್ಪತ್ತು ಜನಕ್ಕೆ ಹೇಳಿದ್ದೆ, ಆದರೆ ಅವರು ವೇದಿಕೆ ನೋಡುವವರಲ್ಲ, ನನ್ನ ಕೈ ನೋಡುವವರು, ಹಾಡು ಮೇಲೇರಿತು, ಹನ್ನೊಂದು ವರ್ಷ ಸುಳ್ಳು ಚಪ್ಪಾಳೆ ತಟ್ಟಿದ ಈ ಕೈ ತಾನಾಗಿಯೇ ಎದ್ದುಬಿಟ್ಟಿತು, ಅಳು ಬಂದಿತ್ತು ನನಗೆ, ನಿಜವಾದ ಅಳು, ಇಪ್ಪತ್ತು ಜನ ತಟ್ಟಿದರು, ಇಡೀ ಸಭೆ ಎದ್ದು ನಿಂತಿತು, ನಡೀರೋ ಆ ಪತ್ರಿಕೆಯವನ ಮನೆಗೆ ಎಂದು ಯಾರೋ ಕೂಗಿದ, ನಾನೂ ಕೂಗಿದೆ, ಓಡಿದೆ, ಬೀದಿಯ ಕಲ್ಲು ಕಿತ್ತೆ, ದೇಶ ದೇಶ ಎಂದು ಗಂಟಲು ಹರಿಯುವಷ್ಟು ಅರಚಿದೆ, ಒಳಗೆ ಮಗಳಿದ್ದಾಳೆ ಎನ್ನುವುದೇ ಮರೆತುಹೋಗಿತ್ತು, ಹೆತ್ತ ಮಗಳು, ಥೂ, ಇದು ಮರೆಯುವ ಮಾತೇ.

ಅಗೋ, ಎದುರುಮನೆಯ ಮೆಟ್ಟಿಲ ಮೇಲೆ, ಏಪ್ರನ್ನು ಕಣ್ಣಿಗೊತ್ತಿಕೊಂಡು ಕೂತಿದ್ದಾಳೆ, ಏಪ್ರನ್ನು ಕೆಂಪಗಾಗಿದೆ, ಜೀವ ಇದೆ, ದೇವರೇ, ಪಕ್ಕದಲ್ಲಿ ಕುಸಿದೆ, ತೋರಿಸು ಮಗಳೇ, ಬೇಡಪ್ಪ ಮುಟ್ಟಬೇಡ, ಒಳಗಿರೋದು ಬರೀ ಆಳುಗಳು ಕಣ್ರಪ್ಪಾ ಅಂತ ಹೇಳೋಕೆ ಮೇಲಿನ ಕಿಟಕಿಗೆ ಬಂದೆ, ಅಷ್ಟರಲ್ಲಿ ಕಲ್ಲು ಬಿತ್ತು, ಈ ಕಣ್ಣು ಹೋಯ್ತೇನೋ. ಉಳಿದ ಕಣ್ಣಿನಿಂದ ನನ್ನನ್ನೇ ನೋಡುತ್ತಾಳೆ, ಇವತ್ತು ಎಷ್ಟು ಕೊಟ್ರಪ್ಪ ನಿನಗೆ, ಇಷ್ಟು ಜನಾನ ಎಬ್ಬಿಸೋಕೆ. ಇಲ್ಲ ನೆಲ್ಲೆ, ಯಾರೂ ಕೊಡಲಿಲ್ಲ, ಇವತ್ತಿನದು ನಿಜ. ನಂಬುವುದಿಲ್ಲ ಅವಳು, ಯಾಕಾದರೂ ನಂಬಿಯಾಳು. ನೀನೂ ಬಂದಿದ್ದೆಯಲ್ಲ ಗುಂಪಲ್ಲಿ, ಹೊಡೆದೋನು ಯಾರು ಅಂತ ನೋಡಿದ್ಯಾ. ನೋಡಲಿಲ್ಲ ಎಂದೆ, ನೂಕುನುಗ್ಗಲು, ನೂರು ಕೈ, ನೂರು ಕಲ್ಲು, ಯಾರದ್ದು ಅಂತ ಹೇಗೆ ಹೇಳುವುದು, ನಾನೂ ಒಂದು ಎಸೆದೆ, ಒಂದೇ ಒಂದು, ಎಲ್ಲೋ ಗೋಡೆಗೆ ಬಿದ್ದಿರಬೇಕು, ಕತ್ತಲಲ್ಲಿ ಏನು ಕಾಣುತ್ತದೆ — ಕತ್ತಲಿರಲಿಲ್ಲ, ಮೇಲಿನ ಕಿಟಕಿಯಲ್ಲಿ ದೀಪವಿತ್ತು, ಕೈ ಎತ್ತಿಯಾಗಿತ್ತು, ಕಲ್ಲು ಇನ್ನೂ ಕೈಯಲ್ಲೇ ಇತ್ತು, ಆಗ ದೀಪದ ಮುಂದೆ ಬಿಳಿ ಟೋಪಿ ಬಂತು, ಕೆಲಸದವಳ ಬಿಳಿ ಟೋಪಿ, ಕಲ್ಲು ಇನ್ನೂ ಕೈಯಲ್ಲೇ, ಕಿಟಕಿಯಲ್ಲಿ ಬಿಳಿ ಟೋಪಿ, ಬಿಳಿ ಟೋಪಿ